ಗೋದಲಿ ಮೇಯ್ದ ಮರಿ

ಹೋದ ವರ್ಷ ಡಿಸೆಂಬರ್ ಇಪ್ಪತ್ನಾಲ್ಕರ ಸಂಜೆ ಆರೂ ಮುಕ್ಕಾಲಿಗೆ ನಮ್ಮ ಮನೆಯಲ್ಲಿ ಎಲ್ಲ ಕೆಡತೊಡಗಿತು. ಗಂಟೆಯನ್ನು ಇಷ್ಟು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಮೇನ್ ಸ್ವಿಚ್ ಆರಿಸುವುದು ನನ್ನ ಪಾಲಿನ ಕೆಲಸ. ಕ್ರಿಸ್ಮಸ್ಸಿನ ಹಿಂದಿನ ಸಂಜೆ ಮನೆಯ ಒಳಗೂ ಹೊರಗೂ ದೀಪ ಇರಬಾರದು, ಬಾಲ ಯೇಸುವಿನ ಗೊಂಬೆಯನ್ನು ಮಲಗಿಸಿದ ಮೇಲೆಯೇ ಬೆಳಕು ಬರಬೇಕು ಎನ್ನುವುದು ಅಪ್ಪ ಮಾಡಿದ ಕಟ್ಟಳೆ. ಅಪ್ಪ ತೀರಿಕೊಂಡು ವರ್ಷಗಳಾದರೂ ಅದು ಹಾಗೇ ನಡೆದುಕೊಂಡು ಬಂದಿದೆ. ನಾನು ಕೈಗಡಿಯಾರ ನೋಡಿದೆ, ಬಾಗಿಲ ಪಕ್ಕದ ಸ್ವಿಚ್ಚನ್ನು ಕೆಳಕ್ಕೆಳೆದೆ. ಟಪ್ ಎಂದಿತು. ಆ ಸದ್ದು ಇನ್ನೂ ನನ್ನನ್ನು ಬಿಟ್ಟಿಲ್ಲ. ಪಾಠ ಮಾಡುತ್ತ ಬೋರ್ಡಿನ ಕಡೆ ತಿರುಗಿದಾಗ, ಬಸ್ಸಿನಲ್ಲಿ ಕಣ್ಣು ಹತ್ತುವಾಗ, ಏನೂ ಕಾರಣವಿಲ್ಲದೆ ಕೇಳಿಸುತ್ತದೆ. ಕೇಳಿಸಿದ ಮೇಲೆ ಉಳಿದದ್ದೂ ಒಂದರ ಹಿಂದೊಂದು ಬಂದೇ ಬರುತ್ತದೆ.

ನಮ್ಮ ಮನೆ ಇರುವುದು ಕೆ.ಆರ್.ಎಸ್.ನಿಂದ ಪಾಂಡವಪುರದ ಕಡೆ ಹೋಗುವಾಗ ನಾಲೆ ದಾಟಿದ ಮೇಲೆ ಸಿಗುವ ಒಂದು ಸಣ್ಣ ಊರಿನ ಕೊನೆಯಲ್ಲಿ. ಊರಿಗೆ ನಾವೊಂದೇ ಕ್ರೈಸ್ತರ ಮನೆ. ಅಪ್ಪ ನೀರಾವರಿ ಇಲಾಖೆಯಲ್ಲಿ ನೀರುಗಂಟಿಯಾಗಿದ್ದರು. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವ ಕೆಲಸ. ಮನೆಯ ಮುಂದೆ ಉದ್ದನೆಯ ಜಗಲಿ, ಜಗಲಿಯ ಮುಂದೆ ಪುಟ್ಟ ಅಂಗಳ, ಅಂಗಳದ ಕೊನೆಗೆ ಸೊಂಟದೆತ್ತರದ ಗೋಡೆ. ಗೋಡೆಗೆ ಒರಗಿಕೊಂಡಂತೆ ಪಕ್ಕದ ಮನೆ ಗೌಡರ ಕಬ್ಬು.

ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆ. ಕ್ರಿಸ್ಮಸ್ಸಿಗೆ ನಮ್ಮವರೆಲ್ಲರ ಮನೆಯಲ್ಲೂ ಮೇಜಿನ ಮೇಲೋ ಮೂಲೆಯಲ್ಲೋ ಅದರ ಚಿಕ್ಕ ಮಾದರಿ ಕಟ್ಟುತ್ತಾರೆ. ನಮ್ಮದು ಚಿಕ್ಕದಲ್ಲ. ಜಗಲಿಯ ಅರ್ಧ ಭಾಗಕ್ಕೆ ಬೊಂಬು ನಿಲ್ಲಿಸಿ, ಮೇಲೆ ಕಬ್ಬಿನ ಸೋಗೆ ಹೊದಿಸಿ, ಒಳಗೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕಟ್ಟುತ್ತೇವೆ. ಡಿಸೆಂಬರ್ ಮೊದಲ ವಾರದಲ್ಲಿ ಮೊರಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲುತ್ತೇವೆ. ಹಬ್ಬದ ಹೊತ್ತಿಗೆ ಪೈರು ಗೇಣುದ್ದ ಬಂದು, ಗೊಂಬೆ ಕುರುಬರು ಆ ಹಸಿರಿನ ನಡುವೆ ನಿಲ್ಲುತ್ತಾರೆ. ರಾಗಿ ಪೈರು ಬೇರೆಯವರ ಮನೆಯಲ್ಲೂ ಉಂಟು. ನಮ್ಮ ಮನೆಯಲ್ಲಿ ಮಾತ್ರ ಇರುವುದು ಮರಿ.

ನಾನು ಹುಟ್ಟುವ ಮೊದಲು ಒಂದು ಡಿಸೆಂಬರಿನಲ್ಲಿ ಬಿಂಡಿಗನವಿಲೆಯ ಕುರುಬರೊಬ್ಬರು ಈ ಕಡೆಯ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿಮಂದೆ ನಿಲ್ಲಿಸಿದ್ದರಂತೆ. ಚಳಿಗೆ ಒಂದು ಮರಿ ಸೆಟೆದುಕೊಂಡಿತ್ತು. ಅಪ್ಪ ಅದನ್ನು ತಂದು ಗೋದಲಿಯ ಹುಲ್ಲಿನಲ್ಲಿ ಹುದುಗಿಸಿ ಬೆಂಕಿ ಕಾಯಿಸಿದರು, ಅದು ಬದುಕಿತು. ಮಂದೆ ಹೊರಡುವಾಗ ಮೂರು ರಾಯರ ಹಬ್ಬ, ಅಂದರೆ ಬಾಲ ಯೇಸುವನ್ನು ಕಾಣಲು ಮೂವರು ಅರಸರು ಬಂದ ದಿನ, ಜನವರಿ ಆರು. ಗೋದಲಿ ಬಿಚ್ಚುವ ದಿನ. ಅಪ್ಪ ಮರಿಯ ಹಗ್ಗ ಬಿಚ್ಚಿದ್ದೇ ತಡ, ಅದು ನೇರ ಹೋಗಿ ಮೊರಗಳಲ್ಲಿದ್ದ ರಾಗಿ ಪೈರನ್ನೆಲ್ಲ ಮೇಯ್ದು ಆಮೇಲೆ ಮಂದೆಗೆ ಸೇರಿಕೊಂಡಿತಂತೆ. ಅಪ್ಪನಿಗೆ ಅದು ತುಂಬಾ ಹಿಡಿಸಿತು. ಅಂದಿನಿಂದ ಪ್ರತಿ ವರ್ಷ ಆ ಮನೆಯಿಂದ ಒಂದು ಮರಿ ಬರುತ್ತದೆ, ಗೋದಲಿಯಲ್ಲಿರುತ್ತದೆ, ಮೂರು ರಾಯರ ದಿನ ಗೋದಲಿಯನ್ನು ಮೇಯುತ್ತದೆ, ಹಿಂದಕ್ಕೆ ಹೋಗುತ್ತದೆ. ಮರಿ ಮೇಯದೆ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಮುಗಿಯುವುದಿಲ್ಲ. ಕಂದನನ್ನು ಮಲಗಿಸುವುದೂ, ಆ ದಿನ ಮರಿಯ ಹಗ್ಗ ಬಿಚ್ಚುವುದೂ ಮನೆಯ ಕಿರಿಯ ಮಗುವಿನ ಹಕ್ಕು. ಈಗ ಅದು ಅಣ್ಣನ ಮಗಳದು. ಒಂಬತ್ತು ವರ್ಷದವಳು.

ನಾನು ನಾಗಮಂಗಲದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಹಾಗಾಗಿ ರಜೆಗೆ ಬರುವಾಗ ಬಿಂಡಿಗನವಿಲೆಗೆ ಹೋಗಿ ಮರಿ ತರುವುದು ನನ್ನ ಹೊಣೆ. ಈಗ ಮರಿ ಕೊಡುವವರು ಆ ಕುರುಬರ ಮಗ, ಐವತ್ತು ದಾಟಿದವರು. ಕಂಬಳಿಯ ತುಂಡಿನಲ್ಲಿ ಸುತ್ತಿ ಕೊಟ್ಟು, "ನಿಮ್ಮವ್ವುಂಗೆ ಏಳಿ, ಈ ಸಲದ್ದು ವಸಿ ತುಂಟ ಕನವ್ವ" ಅಂದಿದ್ದರು. ಬಸ್ಸಿನಲ್ಲಿ ಕಂಡಕ್ಟರ್ ನನ್ನ ಮಡಿಲನ್ನು ನೋಡಿ ನಿಂತರು.

"ಮೇಡಂ, ಇದುಕ್ಕೆ ಟಿಕೆಟ್ಟು?"

"ಹೆಣ್ಣು ಮರಿ ಸಾರ್."

"ಎಣ್ಣಾದ್ರೆ ಫ್ರೀನೇ. ಆಧಾರ್ ಕಾರ್ಡ್ ಐತಾ ಕೇಳಿ."

ಬಸ್ಸೆಲ್ಲ ನಕ್ಕಿತು. ಮರಿ ಮ್ಯಾ ಎಂದಿತು. "ಮನೇಲೇ ಬುಟ್ಟು ಬಂದದಂತೆ ಬುಡಿ" ಎಂದು ಹಿಂದಿನ ಸೀಟಿನ ಅಜ್ಜಿ ಉತ್ತರ ಕೊಟ್ಟರು.

ಆ ಸಂಜೆಗೆ ಬರುತ್ತೇನೆ.

ನಾನು ಸ್ವಿಚ್ ಆರಿಸಿದೆ. ಅಣ್ಣನದು ಎಲೆಕ್ಟ್ರಿಕಲ್ ಕೆಲಸ. ನಕ್ಷತ್ರದ ಬುಟ್ಟಿ, ಸೀರಿಯಲ್ ಸೆಟ್ಟುಗಳು, ಹಾಡು ಹಾಕುವ ಸ್ಪೀಕರ್, ಎಲ್ಲದರ ಸ್ವಿಚ್ಚನ್ನೂ ಅವನು ಮೊದಲೇ ಹಾಕಿಟ್ಟಿರುತ್ತಾನೆ. ಕಂದನನ್ನು ಮಲಗಿಸಿದ ಕೂಡಲೇ ನಾನು ಮೇನ್ ಎತ್ತಿದರೆ ಎಲ್ಲ ಒಟ್ಟಿಗೆ ಹೊತ್ತಿಕೊಳ್ಳಬೇಕು. ಅಲ್ಲಿಯವರೆಗೆ ಇರುವುದು ಕಂದನನ್ನು ಹೊತ್ತು ತರುವ ಮಗುವಿನ ತಟ್ಟೆಯಲ್ಲಿನ ಒಂದು ಮೇಣದಬತ್ತಿ ಮಾತ್ರ.

ಅವ್ವ ಗೋದಲಿಯ ಒಳಗೆ ಮಣೆ ಹಾಕಿಕೊಂಡು ಕೂತಿದ್ದರು. ಪಕ್ಕದಲ್ಲಿ ಗೂಟಕ್ಕೆ ಕಟ್ಟಿದ ಮರಿ. ಅದು ಒಂದೇ ಸಮನೆ ಅರಚುತ್ತಿತ್ತು. ಗೌಡರ ನಾಯಿ ಸ್ವಲ್ಪ ಹೊತ್ತು ಬೊಗಳಿ ಸುಮ್ಮನಾಗಿತ್ತು. ನಾವು ಅದಕ್ಕೆ ಗಮನ ಕೊಡಲಿಲ್ಲ. ಪ್ರತಿ ವರ್ಷ ದೀಪ ಆರಿದಾಗ ಮರಿ ಅರಚುತ್ತದೆ, ಹಾಡು ಶುರುವಾದಾಗ ನಾಯಿ ಬೊಗಳುತ್ತದೆ. ಕಾಡಿನ ಪ್ರಾಣಿಯೊಂದಕ್ಕೆ ಬೇಕಾದ ಕತ್ತಲನ್ನೂ ಕರೆಯನ್ನೂ ನಾವೇ ಒದಗಿಸಿ, ಕೈಮುಗಿದುಕೊಂಡು ಹಾಡುತ್ತಿದ್ದೆವು.

ಒಳಗಿನ ದೇವರ ಪೀಠದ ಕಡೆಯಿಂದ ಮಗು ತಟ್ಟೆ ಹಿಡಿದುಕೊಂಡು ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ಬಂದಳು. ಹಿಂದೆ ಅಣ್ಣ, ಅತ್ತಿಗೆ. ಹೊಸ್ತಿಲಿಗೆ ಬಂದವಳು ನಿಂತಳು.

"ಅತ್ತೆ," ಎಂದಳು ನನ್ನ ಕಡೆ ನೋಡದೆ, "ಅಪ್ಪ ಗೋಡೆ ಮ್ಯಾಲೂ ಲೈಟ್ ಆಕವ್ರಾ? ಎಲ್ಡು ಉರೀತಾವೆ."

ನನಗೆ ಏನೂ ಕಾಣಲಿಲ್ಲ. ಮೇಣದಬತ್ತಿ ಅವಳ ಮುಖದ ಮುಂದಿತ್ತು. ಆ ಬೆಳಕಿಗೆ ಹೊಳೆಯುವ ಕಣ್ಣು ಅವಳಿಗೆ ಮಾತ್ರ ಕಂಡಿತ್ತು ಎಂದು ಆಮೇಲೆ ತಿಳಿಯಿತು. ಗೋಡೆ ಮೇಲೆ ಲೈಟ್ ಹಾಕಿಲ್ಲವಲ್ಲ ಎಂದು ನಾನು ಯೋಚಿಸುವಷ್ಟರಲ್ಲಿ ಅಂಗಳದಲ್ಲಿ ಮಣ್ಣಿನ ಮೂಟೆ ಬಿದ್ದಂಥ ಸದ್ದಾಯಿತು. ಮರುಕ್ಷಣವೇ ಗೋದಲಿಯ ಬೊಂಬು ಮುರಿಯಿತು.

ಆಮೇಲಿನದು ನನ್ನ ತಲೆಯಲ್ಲಿ ತುಂಡು ತುಂಡಾಗಿದೆ. ಅವ್ವನ ಬಿಳಿ ಸೀರೆ ಬಗ್ಗಿತು. ಹಗ್ಗ ಬಿಗಿಯಾಗಿ ಕಂಪಿಸಿತು. ಒದ್ದೆ ಗೋಣಿಯಂಥ ನಾತ. ಉದ್ದನೆಯ ಬಾಲವೊಂದು ಜಗಲಿಯ ಕಂಬಕ್ಕೆ ಬಡಿಯಿತು. ಅದು ಮರಿಯನ್ನು ಹಿಂದಕ್ಕೆ ಎಳೆಯುತ್ತಿತ್ತು, ಅವ್ವ ಮರಿಯ ಕತ್ತನ್ನು ಎದೆಗೆ ಅವುಚಿಕೊಂಡು ಮುಂದಕ್ಕೆ ಎಳೆಯುತ್ತಿದ್ದರು. "ಬುಡೇ, ಬುಡೇ" ಎಂದು, ಹಿತ್ತಲ ಹಸುವನ್ನು ಗದರುವ ದನಿಯಲ್ಲಿ ಚಿರತೆಯನ್ನು ಗದರುತ್ತಿದ್ದರು.

ನನ್ನ ಕೈ ಸ್ವಿಚ್ಚಿನ ಮೇಲೇ ಇತ್ತು. ಎತ್ತಿದೆ.

ಅಂಗಳಕ್ಕೆ ಅಂಗಳವೇ ಬೆಳಗಿತು. ನಕ್ಷತ್ರ, ಕೆಂಪು ಹಸಿರು ಸೆಟ್ಟುಗಳು, ಜಗಲಿಯ ಟ್ಯೂಬ್‌ಲೈಟು, ಎಲ್ಲ. ಅಣ್ಣ ಪೂರಾ ದನಿ ಏರಿಸಿಟ್ಟಿದ್ದ ಸ್ಪೀಕರಿನಿಂದ ಡೋಲು ಬಡಿತದ ಸಮೇತ ಹಾಡು ಸಿಡಿಯಿತು. ಆ ಬೆಳಕಿನಲ್ಲಿ ನಾನು ಅದರ ಮುಖವನ್ನು ನೋಡಿದೆ. ಗೊಂಬೆ ದನಗಳ ನಡುವೆ, ಹುಲ್ಲಿನಲ್ಲಿ ಮುಂಗಾಲೂರಿ, ಕಿವಿ ಹಿಂದಕ್ಕೆ ಮಡಚಿಕೊಂಡು ನಿಂತಿತ್ತು. ಅದಕ್ಕೂ ಗಾಬರಿಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಒಂದೇ ನೆಗೆತಕ್ಕೆ ಗೋಡೆ ಹಾರಿತು. ಕಬ್ಬು ಸರಸರ ಎಂದಿತು, ಸುಮ್ಮನಾಯಿತು.

ಎಲ್ಲ ಸೇರಿ ಎರಡು ಉಸಿರಿನಷ್ಟು ಹೊತ್ತು ಎನ್ನುತ್ತಾನೆ ಅಣ್ಣ. ನನ್ನಲ್ಲಿ ಅದು ಅಷ್ಟು ಬೇಗ ಮುಗಿಯುವುದೇ ಇಲ್ಲ.

ಅವ್ವನ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಪರಚಿ ರಕ್ತ ಸುರಿಯುತ್ತಿತ್ತು. ಮರಿಯ ಹಿಂಗಾಲಿನ ತೊಡೆ ಹರಿದಿತ್ತು, ಆದರೆ ಅದು ನಾಲ್ಕು ಕಾಲ ಮೇಲೆ ನಿಂತಿತ್ತು. ಅತ್ತಿಗೆ ಕೆ.ಆರ್. ಪೇಟೆಯವರು, ನರ್ಸು. ಅವರು ಆಗಲೇ ಬಕೆಟ್ಟು, ಸೋಪು ತಂದು ಅವ್ವನ ಕೈ ತೊಳೆಯತೊಡಗಿದ್ದರು. ಅಣ್ಣ ಹಾಡು ನಿಲ್ಲಿಸಿ ತನ್ನ ಗೂಡ್ಸ್ ಆಟೊ ಹೊರಡಿಸಲು ಓಡಿದ. ಮಗುವನ್ನು ಎಲ್ಲರೂ ಮರೆತಿದ್ದೆವು. ತಿರುಗಿ ನೋಡಿದರೆ ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಮೇಣ ಬೆರಳ ಮೇಲೆ ಸುರಿದು ಹೆಪ್ಪುಗಟ್ಟಿತ್ತು, ತಟ್ಟೆ ಮಾತ್ರ ಕೆಳಗೆ ಬಿದ್ದಿರಲಿಲ್ಲ. ಬಿಳಿ ಬಟ್ಟೆಯ ಮೇಲೆ ಬಾಲ ಯೇಸು ಮಲಗಿಯೇ ಇತ್ತು.

"ನಡೀರಿ ಆಸ್ಪತ್ರೆಗೆ" ಎಂದ ಅಣ್ಣ.

"ಇರ್ಲಾ," ಎಂದರು ಅವ್ವ. "ಕಂದನ್ನ ಮಲಗಿಸ್ದೆ ನಾನೆಲ್ಗೂ ಬರಾಕಿಲ್ಲ. ಬಾ ಮಗ, ಮಡಗು."

ಮಗು ಮುರಿದ ಬೊಂಬು ದಾಟಿ ಬಂದಳು. ಚೆಲ್ಲಾಪಿಲ್ಲಿಯಾಗಿದ್ದ ಹುಲ್ಲನ್ನು ಒಂದು ಕೈಯಲ್ಲಿ ಗುಡ್ಡೆ ಮಾಡಿ ಕಂದನನ್ನು ಮಲಗಿಸಿದಳು. ಅವ್ವ ಎಡಗೈಯಲ್ಲಿ ಶಿಲುಬೆಯ ಗುರುತು ಹಾಕಿಕೊಂಡರು. ಅಷ್ಟರಲ್ಲಿ ಅರ್ಧ ಊರು ನಮ್ಮ ಅಂಗಳದಲ್ಲಿತ್ತು.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಏನು ಕಚ್ಚಿದ್ದು ಎಂದು ಕೇಳಿದರು. "ಕಚ್ಚಿಲ್ಲ ಸ್ವಾಮಿ, ಪರಚ್ತು," ಎಂದರು ಅವ್ವ, "ಚಿರ್ತೆ." ಡಾಕ್ಟರು ಬರೆಯುತ್ತಿದ್ದವರು ತಲೆ ಎತ್ತಿದರು. ಗಾಯದ ಸುತ್ತ ಚುಚ್ಚುಮದ್ದು ಕೊಟ್ಟು ಕಟ್ಟು ಹಾಕಿದರು. ಆ ವರ್ಷದ ರಾತ್ರಿ ಪೂಜೆ ನಮಗೆ ತಪ್ಪಿತು. ಬೆಳಗಿನ ಪೂಜೆಗೆ ಶ್ರೀರಂಗಪಟ್ಟಣದ ಕಡೆಯ ನಮ್ಮ ಚರ್ಚಿಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ತಲುಪಿತ್ತು. ಫಾದರ್ ಬಾಗಿಲಲ್ಲೇ ಅವ್ವನ ಕೈ ನೋಡಿ, "ನಮ್ಮ ಗೋದಲೀಲಿ ಇರೋದು ಮಣ್ಣಿನ ಕುರಿ, ಅದನ್ನ ಕೇಳ್ಕೊಂಡು ಯಾರೂ ಬರಲಿಲ್ಲ ನೋಡಿ" ಅಂದರು. ಅವ್ವ ನಕ್ಕರು. ಅವ್ವ ನಕ್ಕಿದ್ದು ನೋಡಿ ನನಗೆ ಅಳು ಬಂತು.

ಹಬ್ಬದ ದಿನ ಮಧ್ಯಾಹ್ನದೊಳಗೆ ಊರಿನ ಪ್ರತಿ ಮನೆಗೂ ಕಜ್ಜಾಯ, ಕರ್ಜಿಕಾಯಿ, ನಿಪ್ಪಟ್ಟಿನ ತಟ್ಟೆ ಹೋಗಬೇಕು. ಅದೂ ಹೋಯಿತು. ಆದರೆ ಈ ಸಲ ತಟ್ಟೆ ಹೊರಡುವ ಮೊದಲೇ ಊರಿನವರೇ ಬಂದಿದ್ದರು. ಗೌಡರು ಜಗಲಿಯ ಕಂಬದ ಮೇಲಿನ ಉಗುರಿನ ಗೀರನ್ನು ಬೆರಳಲ್ಲಿ ಸವರಿ ನೋಡಿದರು.

"ಅಲ್ಲ ಕನಕ್ಕ, ಮರಿ ಬುಟ್ಟಿದ್ರೆ ಅದು ಎತ್ಕಂಡು ಓಯ್ತಿತ್ತು. ನಿನ್ ಕೈ ಉಳೀತಿತ್ತು."

"ಬ್ಯಾರೇವ್ರ ಮನೆ ಮರಿ ಕನಪ್ಪ," ಎಂದರು ಅವ್ವ. "ಅವ್ರಿಗೇನಂತ ಏಳನ?"

ಅಲ್ಲಿಂದ ಶುರುವಾಯಿತು ನಿಜವಾದ ಕಷ್ಟ. ಮೂರು ರಾಯರ ಹಬ್ಬಕ್ಕೆ ಇನ್ನೂ ಹನ್ನೆರಡು ದಿನವಿತ್ತು. ಮರುದಿನ ಬೆಳಗ್ಗೆ ಅಂಗಳದ ಮಣ್ಣಿನಲ್ಲಿ ಹೊಸ ಹೆಜ್ಜೆಗಳಿದ್ದವು. ಮರಿಯನ್ನು ಒಳಗೆ ದೇವರ ಪೀಠದ ಕೆಳಗೆ ಕಟ್ಟಿ ಬಾಗಿಲು ಭದ್ರಪಡಿಸಿದ್ದೆವು. ಚಿರತೆ ಬಾಗಿಲವರೆಗೂ ಬಂದು ಹೋಗಿತ್ತು. ಮಗು ಕತ್ತಲಾದರೆ ಅಮ್ಮನ ಸೆರಗು ಬಿಡುತ್ತಿರಲಿಲ್ಲ. ಹಗಲಲ್ಲೂ ಜಗಲಿಗೆ ಬರುತ್ತಿರಲಿಲ್ಲ, ಹಿತ್ತಲ ಬಾಗಿಲಿನಿಂದಲೇ ಓಡಾಟ. ರಾತ್ರಿ ಯಾರೂ ನಿದ್ದೆ ಮಾಡುತ್ತಿರಲಿಲ್ಲ. ಹಲ್ಲಿ ಲೊಚಗುಟ್ಟಿದರೂ ಐದೂ ಜನ ಎದ್ದು ಕೂರುತ್ತಿದ್ದೆವು.

ಅಣ್ಣ ನೇರವಾಗಿ ಹೇಳಿದ. "ಮರಿ ಇರಗಂಟ ಅದು ಬತ್ತಾನೇ ಇರ್ತದೆ ಅವ್ವ. ನಾಳೆ ಬೆಳಗ್ಗೆ ವಾಪಸ್ ಬುಟ್ಟು ಬತ್ತೀನಿ. ಮುಂದಿನ ವರ್ಷ ನೋಡನ."

"ಅರ್ಧಕ್ಕೆ ಕಳ್ಸಿದ್ರೆ ಅಬ್ಬ ಅರ್ಧಕ್ಕೇ ನಿಲ್ತದೆ ಕಣ್ಲಾ."

"ಅಬ್ಬ ದೊಡ್ಡದಾ, ಮಗು ದೊಡ್ಡದಾ?"

ಅವ್ವ ಎಡಗೈಯಲ್ಲಿ ಮರಿಯ ಹಗ್ಗದ ಗಂಟನ್ನು ಎಳೆದು ನೋಡಿದರು. ಆಮೇಲೆ, "ಅವ್ಳು ನೋಡಿರದು ಅದು ಬಂದಿದ್ನ ಮಾತ್ರ," ಎಂದರು. "ಅಷ್ಟುಕ್ಕೇ ನಿಲ್ಸ್‌ಬುಟ್ರೆ ಅವ್ಳಿಗೆ ಕ್ರಿಸ್ಮಸ್ ಅಂದ್ರೆ ಸಾಯಗಂಟ ಚಿರ್ತೇನೇಯ. ಮರಿ ಗೋದಲಿ ಮೇಯದ್ನೂ ಅವ್ಳು ನೋಡ್ಬೇಕು."

ನನಗೆ ಆಗ ಯಾರ ಪರ ಮಾತಾಡಬೇಕೋ ತಿಳಿಯಲಿಲ್ಲ. ಇಬ್ಬರೂ ಸರಿ ಎನ್ನಿಸಿತು. ಆ ಮಾತಾದ ಮೇಲೆ ಪಣ ಏನೆಂಬುದು ಮಾತ್ರ ಮನೆಯವರಿಗೆಲ್ಲ ಗೊತ್ತಾಯಿತು. ಮರಿ ಜನವರಿ ಆರರವರೆಗೆ ಬದುಕಿರಬೇಕು. ಆ ದಿನ ಮಗು ಜಗಲಿಗೆ ಬಂದು ಅದರ ಹಗ್ಗ ಬಿಚ್ಚಬೇಕು.

ಅರಣ್ಯ ಇಲಾಖೆಯವರು ಬೋನು ತಂದರು. ನಾಲೆ ಏರಿಯ ಮೇಲೆ ಇಟ್ಟು, ಅದರ ಹಿಂದಿನ ಖಾನೆಯಲ್ಲಿ ಏನಾದರೂ ಕಟ್ಟಬೇಕಲ್ಲ ಎಂದು ಸುತ್ತ ನೋಡಿದರು. ಅವರಲ್ಲೊಬ್ಬರು ವಿನಯದಿಂದಲೇ ಕೇಳಿದರು. "ಅಮ್ಮ, ಅದು ಈ ಮರಿ ವಾಸ್ನೆ ಇಡ್ಕಂಡದೆ. ಇದ್ನೇ ಕೊಟ್ರೆ ಬೇಗ ಬೀಳ್ತದೆ. ಮರಿಗೇನೂ ಆಗಾಕಿಲ್ಲ, ಮಧ್ಯ ಕಂಬಿ ಅದೆ."

"ಗೋದಲಿ ಮರೀನಾ? ಬೋನಿಗಾ?" ಎಂದರು ಅವ್ವ. ದನಿ ಏರಿಸಲಿಲ್ಲ. ಕಟ್ಟಿದ ಕೈಯನ್ನು ಸೆರಗಿನಡಿಯಿಂದ ತೆಗೆದು ಮರಿಯ ಬೆನ್ನ ಮೇಲಿಟ್ಟರು, ಅಷ್ಟೆ. ಇಲಾಖೆಯವರು ಕೈಯನ್ನೂ ನೋಡಿದರು, ಮರಿಯನ್ನೂ ನೋಡಿದರು. "ಬುಡಿ ಅಮ್ಮ, ಕೋಳಿ ಕಟ್ತೀವಿ" ಎಂದು ಹೋದರು. ಬೋನಿಗೆ ನಮ್ಮ ಊರಿನಲ್ಲಿ ಏನೂ ಬೀಳಲಿಲ್ಲ. ಎಷ್ಟೋ ದಿನದ ಮೇಲೆ ಶ್ರೀರಂಗಪಟ್ಟಣದ ಆಚೆ ಒಂದು ಚಿರತೆ ಸಿಕ್ಕಿತು ಎಂದು ಕೇಳಿದೆವು. ನಮ್ಮ ಅಂಗಳಕ್ಕೆ ಬಂದದ್ದು ಅದೋ ಬೇರೆಯದೋ ಯಾರಿಗೂ ಗೊತ್ತಿಲ್ಲ.

ಬಿಂಡಿಗನವಿಲೆಗೆ ನಾನು ಕ್ರಿಸ್ಮಸ್ ಬೆಳಗ್ಗೆಯೇ ಫೋನ್ ಮಾಡಿದ್ದೆ. ಕುರುಬರು ಪೂರ್ತಿ ಕೇಳಿಸಿಕೊಂಡರು.

"ಮರಿ ನಿಂತದಾ?"

"ನಿಂತದೆ."

"ಅವ್ವ?"

"ಅವ್ರೂ ಚೆನ್ನಾಗವ್ರೆ."

"ಬತ್ತೀನಿ."

ಬಂದರೆ ಮರಿಯನ್ನು ಹೊತ್ತುಕೊಂಡೇ ಹೋಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅಣ್ಣ ಹಾಗೇ ಆಗಲಿ ಎಂದು ಕಾದಿದ್ದ ಎನ್ನಬೇಕು. ಅವರು ಬಂದದ್ದು ಒಂದು ನಾಯಿಯೊಂದಿಗೆ. ಕರುವಿನಷ್ಟು ಎತ್ತರದ ನಾಯಿ, ಕೊರಳಿಗೆ ಮೊಳೆ ಹೊಡೆದ ಪಟ್ಟಿ. ಚಿರತೆ ಕತ್ತಿಗೆ ಬಾಯಿ ಹಾಕದಂತೆ ಕುರಿಗಾಹಿಗಳು ಕಟ್ಟುವುದು. ಮರಿಯ ಗಾಯ ನೋಡಿದರು. ಪಶು ವೈದ್ಯರು ಹಾಕಿದ ಹೊಲಿಗೆಯನ್ನು ಮೆಚ್ಚಿದರು. ಅವ್ವನ ಮುಂದೆ ಕುಕ್ಕರುಗಾಲಲ್ಲಿ ಕೂತರು.

"ನೀನ್ಯಾಕವ್ವ ಅಂಗ್ ಮಾಡ್ದೆ? ಮಂದೇಲಿ ವರ್ಸುಕ್ಕೆ ಎಷ್ಟೋ ಓಯ್ತವೆ. ಒಂದ್ ಓದ್ರೆ ನಾನೇನು ಕೇಳ್ತಿದ್ನಾ?"

"ನೀನು ಕೇಳ್ತಿರ್ಲಿಲ್ಲ ಕನಪ್ಪ."

"ಮತ್ತೆ?"

"ನೀನು ಕೇಳಾಕಿಲ್ಲ ಅಂತ್ಲೇಯ."

ಅವರು ಎದ್ದರು. ಅಣ್ಣನ ಕಡೆ ತಿರುಗಿ, "ಮಚ್ಚು ಎಲ್ ಮಡಗಿದ್ದೀಯಪ್ಪ? ಮುಳ್ಳು ಕಡೀಬೇಕು" ಎಂದರು. ಆ ಮಧ್ಯಾಹ್ನವೆಲ್ಲ ಜಾಲಿ ಮುಳ್ಳು ಕಡಿದು ತಂದು, ಮೋಟು ಗೋಡೆಯ ಮೇಲೆ ಆಳೆತ್ತರಕ್ಕೆ ಬೇಲಿ ಕಟ್ಟಿದರು. ಮಂದೆಗೆ ಕಟ್ಟುವ ಹಾಗೆಯೇ, ಮುಳ್ಳಿನ ತುದಿ ಹೊರಕ್ಕೆ. ಅಣ್ಣ ಮೊದಲು ದೂರ ನಿಂತಿದ್ದವನು ಆಮೇಲೆ ತಾನೂ ಕೈ ಹಚ್ಚಿದ. ಹೊರಡುವಾಗ ಅವರು ನಾಯಿಯನ್ನು ಅಂಗಳದಲ್ಲೇ ಬಿಟ್ಟರು.

"ಮರಿ ಗೋದಲಿ ಮೇಯ್ಕಂಡೇ ಬರ್ಲಿ," ಎಂದರು. "ನಮ್ಮಪ್ಪನ್ ಕಾಲ್ದಿಂದ ಅಂಗೇ ಬಂದಿರದು."

ಮಾರನೆಯ ದಿನ ಗೋಡೆಯಾಚೆ ಕುಡುಗೋಲಿನ ಸದ್ದು ಕೇಳಿ ಹೊರಗೆ ಹೋದೆ. ಗೌಡರು, ಅವರ ತಮ್ಮಂದಿರು, ಬೀದಿಯ ಇನ್ನು ನಾಲ್ಕು ಜನ ಕಬ್ಬು ಕಡಿಯುತ್ತಿದ್ದರು. ಕಟಾವಿಗೆ ಇನ್ನೂ ತಿಂಗಳ ಮೇಲೆ ಇತ್ತು. ನಮ್ಮ ಮನೆಯ ಉದ್ದಕ್ಕೂ ಅಗಲವಾಗಿ ಒಂದು ಪಟ್ಟಿಯನ್ನು ಬಯಲು ಮಾಡಿಬಿಟ್ಟರು. ಯಾಕೆ ಇಷ್ಟು ಬೇಗ ಎಂದು ನಾನು ಕೇಳಿದ್ದಕ್ಕೆ ಗೌಡರು ತಲೆ ಎತ್ತದೆ, "ನಿಮ್ಮನೆ ಸೀರಿಯಲ್ ಸೆಟ್ಟು ನಮ್ ಜಗಲಿಗೆ ಕಾಣ್ತಿರ್ಲಿಲ್ಲ, ಕಬ್ಬು ಅಡ್ಡ" ಎಂದರು. ಕಡಿದವರೆಲ್ಲ ನಕ್ಕರು. ಸಂಜೆಗೆ ಅವ್ವ ಒಂದೇ ಕೈಯಲ್ಲಿ ಇನ್ನೊಂದು ಪಾತ್ರೆ ಕಜ್ಜಾಯಕ್ಕೆ ಪಾಕ ಇಳಿಸಿದರು.

ಹಾಗೆ ದಿನಗಳನ್ನು ದೂಡಿದೆವು. ಹೆಜ್ಜೆ ಗುರುತು ಎರಡು ಸಲ ಬಯಲಿನ ಅಂಚಿನವರೆಗೆ ಬಂದು ತಿರುಗಿ ಹೋಗಿತ್ತು. ಗೋದಲಿಯ ಬೊಂಬನ್ನು ಅಣ್ಣ ಸರಿ ಮಾಡಿದ. ರಾಗಿ ಪೈರಿಗೆ ನೀರು ಹಾಕುವುದು ಮಗುವಿನ ಕೆಲಸ. ಅವಳು ಜಗಲಿಗೆ ಬರುವುದನ್ನು ಬಿಟ್ಟ ಮೇಲೆ ಪೈರು ಒಣಗುತ್ತದೆಂದೇ ನಾನು ತಿಳಿದಿದ್ದೆ. ಒಂದು ಬೆಳಗ್ಗೆ ಬೇಗ ಎದ್ದ ನನಗೆ ಅಣ್ಣ ಚೊಂಬು ಹಿಡಿದು ಮೊರಗಳಿಗೆ ನೀರು ಚಿಮುಕಿಸುತ್ತಿರುವುದು ಕಂಡಿತು. ನನ್ನನ್ನು ನೋಡಿ, "ಅವ್ವುಂಗೆ ಏಳ್ಬೇಡ" ಎಂದ. ಅವ್ವ ಕಿಟಕಿಯಲ್ಲೇ ನಿಂತಿದ್ದರು.

ಜನವರಿ ಆರರಂದು ಮೂರು ರಾಯರ ಗೊಂಬೆಗಳನ್ನು ಗೋದಲಿಯಲ್ಲಿಟ್ಟು, ಬೆಳಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಎಲ್ಲರೂ ಜಗಲಿಯಲ್ಲಿ ಸೇರಿದೆವು. ಹಿಂದೆಲ್ಲ ನಾವು ಮನೆಯವರಷ್ಟೇ ಇರುತ್ತಿದ್ದೆವು. ಆ ದಿನ ಮುಳ್ಳುಬೇಲಿಯ ಒಳಗೂ ಹೊರಗೂ ಇಡೀ ಬೀದಿ ನಿಂತಿತ್ತು. ಅವ್ವ ಪ್ರಾರ್ಥನೆ ಹೇಳಿದರು. ಮುಗಿಯಿತು. ಮರಿ ಗೂಟಕ್ಕೆ ಕಟ್ಟಿಸಿಕೊಂಡು ಪೈರಿನ ಕಡೆಗೇ ಮೂಗು ಚಾಚಿತ್ತು. ಹಗ್ಗ ಬಿಚ್ಚುವವಳು ಬರಲಿಲ್ಲ. ಬಾಗಿಲ ಒಳಗೆ, ಅಮ್ಮನ ಹಿಂದೆ, ಬರೀ ಪಾದ ಕಾಣುತ್ತಿತ್ತು.

ಯಾರೂ ಕರೆಯಲಿಲ್ಲ. ಗೌಡರು ಮಾತ್ರ ತಮ್ಮಷ್ಟಕ್ಕೆ ಎಂಬಂತೆ, "ಬಿಚ್ಚಾಕೆ ಆಗದಿದ್ರೆ ನಮ್ ಮೊಮ್ಮಗುಂಗೆ ಏಳ್ತೀನಿ ಬುಡವ್ವ, ಅವ್ನು ಕಾಯ್ತಾವ್ನೆ" ಎಂದರು.

"ಅವ್ನು ಯಾಕೆ?" ಎಂದು ಒಳಗಿನಿಂದ ದನಿ ಬಂತು. "ಅದು ನಂದು."

ಹೊಸ್ತಿಲವರೆಗೆ ಬಂದಳು. ಅದೇ ಜಾಗ, ಅಂದು ತಟ್ಟೆ ಹಿಡಿದು ನಿಂತಿದ್ದ ಜಾಗ. ಗೋಡೆಯ ಕಡೆ ನೋಡಿದಳು. ಅಲ್ಲಿ ಮುಳ್ಳಿತ್ತು, ಮುಳ್ಳಿನಾಚೆ ಕಬ್ಬಿರಲಿಲ್ಲ, ಬಯಲಿತ್ತು, ಬಯಲಿನ ತುಂಬ ಪರಿಚಯದ ಮುಖಗಳಿದ್ದವು. ದೊಡ್ಡ ನಾಯಿ ಬಿಸಿಲಿನಲ್ಲಿ ಅಡ್ಡಡ್ಡ ಮಲಗಿತ್ತು. ಅವಳು ಹೊಸ್ತಿಲು ದಾಟಿ, ನಾಯಿಯನ್ನು ಸುತ್ತಿಕೊಂಡು ಹೋಗಿ, ಗೂಟದ ಮುಂದೆ ಕೂತಳು. ಗಂಟು ಬಿಗಿದಿತ್ತು. ಹಲ್ಲಿನಿಂದ ಕಚ್ಚಿ ಸಡಿಲಿಸಿದಳು.

ಮರಿ ಒಂದು ಕಾಲು ಎಳೆದುಕೊಂಡು ನಡೆದು ಮೊದಲ ಮೊರಕ್ಕೆ ಬಾಯಿ ಹಾಕಿತು. ಎರಡನೆಯ ಮೊರಕ್ಕೆ ಬರುವಾಗ ಒಬ್ಬ ಕುರುಬ ಗೊಂಬೆಯನ್ನು ಬೀಳಿಸಿತು, ಒಬ್ಬ ರಾಯರ ಕಿರೀಟವನ್ನು ಮೂಸಿತು. ಮಗು ನಕ್ಕಳು. ಹದಿಮೂರು ದಿನದ ಮೇಲೆ ಜಗಲಿಯಲ್ಲಿ ಅವಳ ನಗು ಕೇಳಿತು. ಅವ್ವ ಅಣ್ಣನ ಮುಖ ನೋಡಿದರು, ಅಣ್ಣ ಮರಿಯನ್ನು ನೋಡುತ್ತಿದ್ದ. ಅವನ ಕಣ್ಣು ತುಂಬಿತ್ತು. ಮರಿ ಒಂದೆಸಳೂ ಬಿಡದೆ ಮೇಯಿತು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು. ಯಾವುದೋ ಪಂದ್ಯ ಗೆದ್ದಂತೆ ನಾನೂ ತಟ್ಟಿದೆ, ಕೈ ಉರಿಯುವವರೆಗೆ.

ಇದನ್ನು ಬರೆಯುವಾಗ ಮತ್ತೆ ಡಿಸೆಂಬರ್. ಮೊರಗಳಲ್ಲಿ ರಾಗಿ ಮೊಳಕೆ ಒಡೆದಿದೆ. ಜಗಲಿಗೆ ಅಣ್ಣ ಕಬ್ಬಿಣದ ಗ್ರಿಲ್ ಹಾಕಿಸಿದ್ದಾನೆ. ಆರೂ ಮುಕ್ಕಾಲಿಗೆ ದೀಪ ಆರಿಸುವ ಕಟ್ಟಳೆಯನ್ನು ಬಿಡೋಣವೇ ಎಂದು ನಾನು ಕೇಳಿದೆ. "ಕತ್ಲೆ ಇಲ್ದೆ ಬೆಳ್ಕು ಎಲ್ಲಿಂದ ತತ್ತೀಯೆ? ಗ್ರಿಲ್ ಬೀಗ ಆಕಿ ಆರ್ಸು" ಎಂದರು ಅವ್ವ. ಆರಿಸುತ್ತೇನೆ. ಆ ಟಪ್ ಮತ್ತೆ ಕೇಳಿಸುತ್ತದೆ, ಗೊತ್ತು. ಆದರೂ ಆರಿಸುತ್ತೇನೆ.

ಜನವರಿ ಆರರ ಆ ದಿನವೇ, ಗೋದಲಿ ಮೇಯ್ದಾದ ಮೇಲೆ, ಐದೂ ಜನ ಅಣ್ಣನ ಗೂಡ್ಸ್ ಆಟೊದಲ್ಲಿ ಮರಿಯನ್ನೂ ನಾಯಿಯನ್ನೂ ಹತ್ತಿಸಿಕೊಂಡು ನಾಗಮಂಗಲದ ಮೇಲೆ ಬಿಂಡಿಗನವಿಲೆಗೆ ಹೋದೆವು. ಪ್ರತಿ ವರ್ಷ ನಾನೊಬ್ಬಳೇ ಬಸ್ಸಿನಲ್ಲಿ ಬಿಟ್ಟು ಬರುತ್ತಿದ್ದೆ. ಆ ಸಲ ಅವ್ವ ತಾವೇ ಕೈಯಾರೆ ಒಪ್ಪಿಸಬೇಕೆಂದರು. ಹೊತ್ತು ಇಳಿಯುವಾಗ ಮಂದೆ ಮರಳಿತು. ಮರಿ ಅವ್ವನ ಮಡಿಲಿನಿಂದ ಜಿಗಿದು, ಕುಂಟುತ್ತಲೇ, ಅಷ್ಟು ಕುರಿಗಳ ನಡುವೆ ತನ್ನ ತಾಯಿಯನ್ನು ಹುಡುಕಿಕೊಂಡು ಹೋಯಿತು. ತಾಯಿ ಅದನ್ನು ಮೂಸಿ, ಹೊಲಿಗೆಯ ಜಾಗವನ್ನು ನೆಕ್ಕಿತು.

"ಎಣಿಸ್ಕೊ," ಎಂದರು ಅವ್ವ ಕುರುಬರಿಗೆ, "ಸರಿಯಾಗೈತಾ?"

"ಸರಿಯಾಗೈತೆ ಕನವ್ವ. ಮುದ್ದೆ ಆಗೈತೆ, ಎದ್ದು ಬನ್ನಿ."

ಉಂಡ ಮೇಲೆ ಹೊರಡಲು ಅವರ ಮನೆಯಾಕೆ ಬಿಡಲಿಲ್ಲ. ನಡುಮನೆಯಲ್ಲಿ ಕಂಬಳಿ ಹಾಸಿದರು. ಮಗು ನಮಗಿಂತ ಮೊದಲು ಮಲಗಿದ್ದಳು.

ನಾನು ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ನಮ್ಮ ಕಾಲ ಮೇಲೆ ಬಂದಿತ್ತು. ಹೊರಗೆ ಮಂದೆ ಆಗಲೇ ಹೊರಟು ಹೋಗಿ ಅಂಗಳ ಖಾಲಿಯಾಗಿತ್ತು. ಅಣ್ಣ ಗೊರಕೆ ಹೊಡೆಯುತ್ತಿದ್ದ, ಅತ್ತಿಗೆ ಅವನ ತೋಳ ಮೇಲೆ, ಮಗು ಇಬ್ಬರಿಗೂ ಅಡ್ಡಲಾಗಿ ಕಾಲು ಹಾಕಿಕೊಂಡು. ಪಕ್ಕದಲ್ಲಿ ಅವ್ವ, ಕಟ್ಟಿದ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದು ನಿದ್ರಿಸುತ್ತಿದ್ದರು. ನನಗೆ ತಿಳಿವು ಬಂದಾಗಿನಿಂದ ಬೆಳಗಿನ ಜಪ ತಪ್ಪಿಸದ ಅವ್ವ. ನಾನು ಎಬ್ಬಿಸಲಿಲ್ಲ.